ಕೆಲಸ ಬಿಟ್ಟವರನ್ನು ಮೊದಲು ಕೇಳಿ: ತರಬೇತಿ ರೂಪಿಸುವಾಗ ಹಳೇ ಬ್ಯಾಚಿನವರ ಪಾಲು

ಪ್ರಶ್ನೆ: ಚಿಂತಾಮಣಿಯಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ನಡೆಸುತ್ತೇನೆ. ಹೊಲಿಗೆ ಮೆಷಿನ್, ಎಲೆಕ್ಟ್ರಾನಿಕ್ಸ್ ಅಸೆಂಬ್ಲಿ, ರೋಗಿಗಳ ಆರೈಕೆ, ಈ ಮೂರರಲ್ಲಿ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುತ್ತೇವೆ. ಆರು ವರ್ಷದಲ್ಲಿ ಸುಮಾರು 900 ಜನ ಕಲಿತು ಹೋಗಿದ್ದಾರೆ. ಮುಂದಿನ ವರ್ಷದ ಕಾರ್ಯಕ್ರಮ ರೂಪಿಸುವಾಗ ಹಳೇ ಅಭ್ಯರ್ಥಿಗಳನ್ನೂ ಸೇರಿಸಿಕೊಳ್ಳಿ ಎಂದು ಹಣ ಕೊಡುವ ಕಂಪನಿಯವರು ಹೇಳಿದ್ದಾರೆ. ನಮಗೂ ಅದು ಸರಿ ಅನಿಸಿತು. 200 ಜನಕ್ಕೆ ಮೆಸೇಜ್ ಹಾಕಿದೆವು. 14 ಜನ ಬಂದರು. ಎಲ್ಲರೂ "ತುಂಬಾ ಚೆನ್ನಾಗಿತ್ತು ಮೇಡಂ" ಅಂದರು, ಊಟ ಮಾಡಿ ಹೋದರು. ನಮಗೆ ಒಂದು ಹೊಸ ವಿಷಯವೂ ಸಿಗಲಿಲ್ಲ. ಇದನ್ನು ಸರಿಯಾಗಿ ಮಾಡುವುದು ಹೇಗೆ? ಅವರಿಗೆ ಎಷ್ಟರ ಮಟ್ಟಿಗೆ ಅಧಿಕಾರ ಕೊಡಬಹುದು?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನನ್ನ ಮನಸ್ಸು ನಿಂತದ್ದು ಬಾರದೆ ಉಳಿದ ಆ 186 ಜನರ ಮೇಲೆ. ನಿಮಗೆ ಬೇಕಾದ ಉತ್ತರ ಅವರ ಹತ್ತಿರ ಇದೆ. ಬಂದ 14 ಜನ ನಿಮ್ಮ ಮೇಲೆ ಪ್ರೀತಿ ಇರುವವರು. ಅವರಿಗೆ ಕೆಲಸ ಸಿಕ್ಕಿದೆ, ಕೆಲಸ ಉಳಿದಿದೆ, ಭಾನುವಾರ ಬಿಡುವು ಮಾಡಿಕೊಂಡು ಬರುವಷ್ಟು ಬದುಕು ನೆಲೆಗೆ ಬಂದಿದೆ. ಅವರು ಚೆನ್ನಾಗಿತ್ತು ಅಂದದ್ದು ಸುಳ್ಳಲ್ಲ. ಅವರ ಪಾಲಿಗೆ ಅದು ಚೆನ್ನಾಗಿಯೇ ಇತ್ತು.

ನೀವು ಮೊದಲು ಹುಡುಕಬೇಕಾದದ್ದು ಕೆಲಸಕ್ಕೆ ಸೇರಿ ಮೂರು ತಿಂಗಳೊಳಗೆ ಬಿಟ್ಟವರನ್ನು. ಆಮೇಲೆ, ತರಬೇತಿ ಮುಗಿಸಿಯೂ ಕೆಲಸಕ್ಕೆ ಹೋಗದೇ ಇದ್ದವರನ್ನು. ತರಬೇತಿಯನ್ನೇ ಅರ್ಧಕ್ಕೆ ಬಿಟ್ಟವರನ್ನು ಆಮೇಲೆ.

ಇದನ್ನು ನಾನು ಕಲಿತದ್ದು ಮಾಲೂರು ಕಡೆ ಕೆಲಸ ಮಾಡುತ್ತಿದ್ದಾಗ. ಹೊಲಿಗೆಯ ಒಂದು ಬ್ಯಾಚಿನಲ್ಲಿ 30 ಹುಡುಗಿಯರಿದ್ದರು. 26 ಜನ ಗಾರ್ಮೆಂಟ್ಸಿಗೆ ಸೇರಿದರು. ನಾವು ಆ ಲೆಕ್ಕ ಬರೆದು ಖುಷಿಪಟ್ಟೆವು. ಮೂರು ತಿಂಗಳು ಕಳೆದು ನೋಡಿದರೆ ಉಳಿದವರು ಒಂಬತ್ತು ಜನ. ಸಭೆ ಮಾಡಿ ಕಾರಣ ಹುಡುಕಿದೆವು. ಆ ಸಭೆಯಲ್ಲಿ ಇದ್ದವರು ನಾವು ಸಿಬ್ಬಂದಿ ಮಾತ್ರ. ಕೈ ವೇಗ ಸಾಲದು, ಟಾರ್ಗೆಟ್ ಮುಟ್ಟಲಾಗದೆ ಬಿಟ್ಟಿದ್ದಾರೆ ಎಂದು ತೀರ್ಮಾನವಾಯಿತು. ಮೆಷಿನ್ ಮೇಲೆ ಇನ್ನಷ್ಟು ಗಂಟೆ ಅಭ್ಯಾಸ ಹೆಚ್ಚಿಸೋಣ ಎಂದು ಬರೆದುಕೊಂಡೆವು. ಅದಕ್ಕೆ ಹಣವನ್ನೂ ಕೇಳಿದೆವು.

ಕೆಲವು ದಿನ ಆದಮೇಲೆ ಬೇರೇನೋ ಕೆಲಸಕ್ಕೆ ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಆ ಬ್ಯಾಚಿನ ಹುಡುಗಿಯೊಬ್ಬಳು ರಾಗಿ ಕಣದಲ್ಲಿ ಸಿಕ್ಕಳು. ಯಾಕಮ್ಮ ಬಿಟ್ಟೆ ಅಂದೆ. ಕಂಪನಿ ಬಸ್ಸು ಬೆಳಗಿನ ಜಾವ ಮೇನ್ ರೋಡಿಗೆ ಬರುತ್ತೆ ಅಕ್ಕ, ನಮ್ಮೂರಿಂದ ಅಲ್ಲಿಗೆ ಎರಡು ಕಿಲೋಮೀಟರ್, ಇನ್ನೂ ಕತ್ತಲು, ಅಪ್ಪ ದಿನಾ ಜೊತೆಗೆ ಬರ್ತಿದ್ದರು, ರಾಗಿ ಕೊಯ್ಲು ಶುರುವಾಯ್ತು, ಅಪ್ಪನಿಗೆ ಆಗಲಿಲ್ಲ ಅಂದಳು. ಅಷ್ಟೇ ಕಾರಣ. ಅವಳ ಕೈ ವೇಗಕ್ಕೆ ಏನೂ ಆಗಿರಲಿಲ್ಲ. ಅದೇ ದಾರಿಯಲ್ಲಿ ಇನ್ನೂ ಮೂವರು ಬಿಟ್ಟಿದ್ದರು. ನಾವು ಕೇಳಿದ್ದ ಹಣದಿಂದ ಅವರಲ್ಲಿ ಒಬ್ಬಳೂ ಕೆಲಸದಲ್ಲಿ ಉಳಿಯುತ್ತಿರಲಿಲ್ಲ.

ಅಲ್ಲಿಂದಾಚೆ ಅಕ್ಕಪಕ್ಕದ ಊರಿನ ಮೂರು ನಾಲ್ಕು ಜನರನ್ನು ಒಂದೇ ಕಂಪನಿಗೆ, ಒಂದೇ ಶಿಫ್ಟಿಗೆ ಸೇರಿಸಲು ಶುರು ಮಾಡಿದೆವು. ಒಟ್ಟಿಗೆ ನಡೆದುಕೊಂಡು ಬಸ್ಸಿಗೆ ಬರಬಹುದು. ಒಬ್ಬಳಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬಳು ಸೂಪರ್‌ವೈಸರಿಗೆ ಹೇಳುತ್ತಾಳೆ. ಈ ಉಪಾಯ ಕೊಟ್ಟವರೂ ಕೆಲಸ ಬಿಟ್ಟ ಹುಡುಗಿಯರೇ. ನಮ್ಮ ಆಫೀಸಿನಲ್ಲಿ ಕೂತು ಯಾರಿಗೂ ಇದು ಹೊಳೆದಿರಲಿಲ್ಲ.

ಈಗ ನಿಮ್ಮ ಸಭೆಗೆ ಬರೋಣ. ಎಲ್ಲರೂ ಚೆನ್ನಾಗಿತ್ತು ಅಂತಲೇ ಯಾಕೆ ಹೇಳುತ್ತಾರೆ? ನಿಮ್ಮ ಸೆಂಟರಿನ ಋಣ ಅವರ ಮೇಲಿದೆ. ಫೀಸಿಲ್ಲದೆ ಕಲಿಸಿದ್ದೀರಿ, ಊಟ ಹಾಕಿದ್ದೀರಿ. ಉಂಡ ಮನೆಯ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಮ್ಮಲ್ಲಿ ಹೇಳಿಕೊಟ್ಟು ಬೆಳೆಸಿರುತ್ತಾರೆ, ಅಲ್ವಾ? ಕೆಲವರ ಸರ್ಟಿಫಿಕೇಟ್ ಇನ್ನೂ ನಿಮ್ಮ ಬೀರುವಿನಲ್ಲೇ ಇರುತ್ತದೆ. ಕೆಲವರ ತಂಗಿ ಮುಂದಿನ ಬ್ಯಾಚಿಗೆ ಸೇರಬೇಕು. ಅದೇ ಕೋಣೆಯಲ್ಲಿ ಕಲಿಸಿದ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅಂಥ ಕಡೆ ಯಾರು ತಾನೇ ಬಾಯಿ ಬಿಡುತ್ತಾರೆ?

ಆದ್ದರಿಂದ ಮಾತುಕತೆಯ ಜಾಗ ಬದಲಿಸಿ. ಸೆಂಟರಿನಲ್ಲಿ ಬೇಡ. ಹಳ್ಳಿಯ ಮಹಿಳಾ ಸಂಘದವರು ಸೇರುವ ಜಾಗ, ಅಂಗನವಾಡಿ, ಯಾರದಾದರೂ ಮನೆಯ ಜಗಲಿ, ಎಲ್ಲಾದರೂ ಆದೀತು. ಕಲಿಸಿದವರು, ಕೆಲಸಕ್ಕೆ ಸೇರಿಸಿದವರು ಅಲ್ಲಿ ಇರಬಾರದು. ನೀವೂ ಇರದಿದ್ದರೆ ಒಳ್ಳೆಯದು. ಪ್ರಶ್ನೆ ಕೇಳುವ ಕೆಲಸವನ್ನು ಹಳೇ ಬ್ಯಾಚಿನ ಇಬ್ಬರಿಗೆ ಕಲಿಸಿ, ಅವರೇ ಕೇಳಲಿ. ಭಾಷೆಯ ಮಾತೂ ಇದೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ ಕಡೆ ಎಷ್ಟೋ ಜನರ ಮನೆಮಾತು ತೆಲುಗು. ಸೆಂಟರಿನಲ್ಲಿ ಕನ್ನಡದಲ್ಲಿ ಅಳೆದು ತೂಗಿ ಉತ್ತರ ಕೊಡುವ ಹುಡುಗಿ, ತೆಲುಗಿನಲ್ಲಿ ಕೇಳಿದರೆ "ಏಮ್ ಚೆಪ್ಪೇದಿ ಅಕ್ಕಾ" (ಏನು ಹೇಳೋದು ಅಕ್ಕಾ) ಎಂದು ಶುರು ಮಾಡಿ ಅರ್ಧ ಗಂಟೆ ಮಾತಾಡುತ್ತಾಳೆ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಸ್ಲಿಂ ಮನೆಗಳ ಹೆಣ್ಣುಮಕ್ಕಳಿದ್ದರೆ ದಖನಿ ಉರ್ದು ಬರುವ ಒಬ್ಬರು ಜೊತೆಗಿರಲಿ.

ಪ್ರಶ್ನೆಯೂ ಬದಲಾಗಬೇಕು. ತರಬೇತಿ ಹೇಗಿತ್ತು ಎಂದು ಕೇಳಿದರೆ ಅಂಕ ಕೊಡಿ ಎಂದು ಕೇಳಿದ ಹಾಗೆ. ಹತ್ತಕ್ಕೆ ಹತ್ತು ಕೊಟ್ಟು ಎದ್ದು ಹೋಗುತ್ತಾರೆ. ಅದರ ಬದಲು ಕೆಲಸದ ಮೊದಲ ದಿನವನ್ನು ಹೇಳಿಸಿ. ಎಷ್ಟು ಹೊತ್ತಿಗೆ ಎದ್ದೆ, ಯಾರ ಜೊತೆ ಹೋದೆ, ಗೇಟಿನಲ್ಲಿ ಏನಂದರು, ಊಟ ಎಲ್ಲಿ ಮಾಡಿದೆ, ಯಾರ ಪಕ್ಕ ಕೂರಿಸಿದರು, ಅವತ್ತು ಗೊತ್ತಾಗದೇ ಹೋದದ್ದು ಏನು. ಆಮೇಲೆ, ಬಿಟ್ಟುಬಿಡೋಣ ಎಂದು ಮೊದಲ ಸಲ ಅನಿಸಿದ್ದು ಯಾವತ್ತು ಎಂದು ಕೇಳಿ. ಕೆಲಸ ಬಿಡದೆ ಉಳಿದವರಿಗೂ ಈ ಪ್ರಶ್ನೆ ಕೇಳಬೇಕು. ಅವರಿಗೂ ಹಾಗೆ ಅನಿಸಿದ ದಿನ ಇದ್ದೇ ಇರುತ್ತದೆ. ಅವತ್ತು ಅವರನ್ನು ಹಿಡಿದು ನಿಲ್ಲಿಸಿದ್ದು ಏನು ಎಂಬುದರಲ್ಲಿ ನಿಮ್ಮ ಮುಂದಿನ ಬ್ಯಾಚಿನ ಪಾಠ ಇದೆ.

ಜನರನ್ನು ಹುಡುಕುವುದು ಕಷ್ಟ, ನಿಜ. ಸಿಮ್ ಬದಲಾಗಿರುತ್ತದೆ. ಮದುವೆಯಾಗಿ ಮದನಪಲ್ಲಿಗೋ ಹಿಂದೂಪುರಕ್ಕೋ ಹೋಗಿರುತ್ತಾರೆ. ಬ್ಯಾಚಿಗೆ ಇಬ್ಬರು ಸಿಕ್ಕರೆ ಸಾಕು, ಅವರು ಉಳಿದವರ ಸುದ್ದಿ ಹೇಳುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಊರಿನ ಪ್ರತಿ ಮನೆ ಗೊತ್ತು. ಇನ್ನು ಮುಂದೆ ಸೇರುವವರಿಂದ ಎರಡು ನಂಬರ್ ತೆಗೆದುಕೊಳ್ಳಿ. ಒಂದು ಅವರದು, ಇನ್ನೊಂದು ತಾಯಿಯದೋ ಅಕ್ಕನದೋ. ಸೇರಿ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ವರ್ಷಕ್ಕೆ ಒಮ್ಮೆ ಫೋನ್ ಮಾಡುವ ಪದ್ಧತಿ ಇರಲಿ. ಇದು ಹೊಸ ಮಾತೇನಲ್ಲ. ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ನೋಡಿ. ಅದನ್ನು ಅನುಸರಿಸಿ ಆಮೇಲೆ ದೇಶದ ಜಿಲ್ಲೆಗಳಲ್ಲಿ ಬಂದ ಆರ್‌ಸೆಟಿಗಳಲ್ಲಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ, ತರಬೇತಿ ಕೆಲವೇ ವಾರದ್ದು, ಅದರ ಬೆನ್ನಿಗೆ ನಿಲ್ಲುವುದು ಎರಡು ವರ್ಷ. ಸ್ವಂತ ಉದ್ಯೋಗ ಮಾಡುವವರಿಗೆ ಎರಡು ವರ್ಷ ಬೇಕೆಂದಾದರೆ, ಊರು ಬಿಟ್ಟು ಫ್ಯಾಕ್ಟರಿ ಕೆಲಸಕ್ಕೆ ಹೋಗುವ 19 ವರ್ಷದ ಹುಡುಗಿಗೆ ಎಷ್ಟು ಬೇಕು, ಯೋಚಿಸಿ.

ಈಗ ದುಡ್ಡಿನ ವಿಷಯ. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಬಂದವರಿಗೆ ಒಂದು ದಿನದ ಸಂಬಳ ಕೊಡಿ. ಅವರು ಆಗ ಎಲ್ಲಿ ಕೆಲಸ ಮಾಡುತ್ತಿದ್ದಾರೋ ಅಲ್ಲಿಯ ದಿನದ ಲೆಕ್ಕಕ್ಕೆ ಕಡಿಮೆ ಇಲ್ಲದಂತೆ. ಕೆಲಸ ಇಲ್ಲದವರಿಗೂ ಅಷ್ಟೇ. ಸಲಹೆ ಕೊಡಲು ಬೆಂಗಳೂರಿನಿಂದ ಯಾರಾದರೂ ಬಂದರೆ ಕಾರಿನ ಬಾಡಿಗೆ, ಫೀಸು ಎರಡನ್ನೂ ಕೊಡುತ್ತೇವೆ. ಅವರಿಗಿಂತ ಜಾಸ್ತಿ ಗೊತ್ತಿರುವ ಹುಡುಗಿಗೆ ಒಂದು ಊಟ, ಒಂದು ಪೆನ್ನು ಕೊಟ್ಟು ಕಳಿಸುವುದು ನ್ಯಾಯವಲ್ಲ. ಗಾರ್ಮೆಂಟ್ಸಿನವಳಿಗೆ ಭಾನುವಾರ ರಜೆ ಅಂದರೆ ವಾರದ ಬಟ್ಟೆ, ಸಂತೆ, ಮಗುವಿನ ತಲೆಸ್ನಾನ ಎಲ್ಲಾ ಅವತ್ತೇ. ಅದರಲ್ಲಿ ನಾಲ್ಕು ಗಂಟೆ ನಿಮಗೆ ಕೊಡುತ್ತಿದ್ದಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಆದರೆ ಹಳ್ಳಿಯಿಂದ ಬಸ್ ಸ್ಟಾಪಿಗೆ ಆಟೋ ಉಚಿತವಲ್ಲ. ಅದನ್ನೂ ಕೊಡಿ. ಮಗು ಇದ್ದರೆ ಕರೆದುಕೊಂಡು ಬರಲು ಹೇಳಿ, ನೋಡಿಕೊಳ್ಳಲು ಒಬ್ಬರನ್ನು ಇಡಿ. ಈ ಖರ್ಚನ್ನು ಮುಂದಿನ ಬಜೆಟ್ಟಿನಲ್ಲಿ ಮೊದಲೇ ಬರೆಯಿರಿ. ಹಳಬರನ್ನು ಸೇರಿಸಿಕೊಳ್ಳಿ ಎಂದು ಕೇಳಿದವರೇ ಹಣ ಕೊಡುವವರು. ಅವರು ಇದಕ್ಕೆ ಇಲ್ಲ ಅನ್ನುವುದು ಕಷ್ಟ.

ಎಷ್ಟರ ಮಟ್ಟಿಗೆ ಅಧಿಕಾರ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಜನರ ಭಾಗವಹಿಸುವಿಕೆಯನ್ನು ಶೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ ಎಂಟು ಮೆಟ್ಟಿಲಿನ ಏಣಿಯಾಗಿ ಬರೆದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ನೆ ಕೂರಿಸಿ ತಲೆಯಾಡಿಸುವಂತೆ ಮಾಡಲಾಗುತ್ತದೆ. ನಡುವಿನವುಗಳಲ್ಲಿ ಕೇಳುತ್ತಾರೆ, ಆದರೆ ಕೇಳಿದ್ದನ್ನು ಮಾಡುತ್ತಾರೆಂಬ ಖಾತ್ರಿ ಇಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನದಲ್ಲಿ ಪಾಲು ಸಿಗುತ್ತದೆ. ಆದರೆ ನಮಗೆ ಅಷ್ಟು ದೂರದ ಉದಾಹರಣೆ ಬೇಕಿಲ್ಲ. ನಿಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ ಹಾಲಿನ ಡೈರಿ ಇದೆಯಲ್ಲ. ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ಹಾಲು ಹಾಕುವವರೇ ಸಂಘದ ಸದಸ್ಯರು. ಕಮಿಟಿಗೆ ಓಟು ಹಾಕುವವರೂ ಅವರೇ. ಬೋನಸ್ ಎಷ್ಟು ಬಂತು ಎಂದು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಡೈರಿಯಲ್ಲಿ ರಾಜಕೀಯ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಹಾಲು ಹಾಕುವವರಿಗೆ ಅದು ನಮ್ಮದು ಅನ್ನುವ ಭಾವನೆ ಇದೆ. ಹಾಗೆಯೇ ಸರ್ಕಾರಿ ಶಾಲೆಗಳಿಗೆ 2001ರಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು, ಅಪ್ಪ ಅಮ್ಮಂದಿರು ಶಾಲೆಯ ಉಸ್ತುವಾರಿಗೆ ಬಂದು ಕೂತರು. ನಮ್ಮ ಜನಕ್ಕೆ ಈ ರೀತಿ ಕೂತು ತೀರ್ಮಾನ ಮಾಡುವುದು ಗೊತ್ತಿದೆ. ತರಬೇತಿ ಸಂಸ್ಥೆಗಳೇ ಇನ್ನೂ ಅವರನ್ನು ಫಲಾನುಭವಿಗಳೆಂದು ಬರೆಯುತ್ತಾ ಹೊರಗೆ ನಿಲ್ಲಿಸಿವೆ.

ಎಂಟು ಜನರ ಒಂದು ಬಳಗ ಮಾಡಿ. ಚೆನ್ನಾಗಿ ಮಾತಾಡುವವರನ್ನೇ ಆರಿಸಬೇಡಿ. ಬೇಗ ಕೆಲಸ ಬಿಟ್ಟವರು ಇಬ್ಬರಾದರೂ ಇರಲಿ. ಕೆಲಸಕ್ಕೆ ಹೋಗದೇ ಇದ್ದವರು ಒಬ್ಬರು. ಎರಡು ವರ್ಷಕ್ಕಿಂತ ಜಾಸ್ತಿ ಉಳಿದವರು ಒಬ್ಬರು. ಮಗುವಾದ ಮೇಲೆ ಮತ್ತೆ ಕೆಲಸಕ್ಕೆ ಹೋದ ತಾಯಿ, ದೂರದ ಹಳ್ಳಿಯವರು, ಮೂರೂ ಕೋರ್ಸಿನವರು. ಅಂಗವಿಕಲರು ನಿಮ್ಮಲ್ಲಿ ಕಲಿತಿದ್ದರೆ ಅವರಲ್ಲೊಬ್ಬರು ಇರಲೇಬೇಕು. ಎಲ್ಲರೂ ಒಂದೇ ಜಾತಿಯ ಕೇರಿಯಿಂದ ಬಂದವರಾಗದಂತೆ ನೋಡಿಕೊಳ್ಳಿ. ಯಾವ ಮನೆಯಲ್ಲಿ ಸೇರಿದರೆ ಎಲ್ಲರೂ ಬಂದು ಕೂತು ನೀರು ಕುಡಿಯಬಹುದು ಎಂಬುದನ್ನೂ ಯೋಚಿಸಬೇಕಾದ ಊರುಗಳು ನಮ್ಮವು. ಆದ್ದರಿಂದ ಜಗಲಿಗಿಂತ ಅಂಗನವಾಡಿ ವಾಸಿ ಆಗಬಹುದು.

ಈ ಬಳಗದ ಕೈಗೆ ಎರಡೋ ಮೂರೋ ತೀರ್ಮಾನಗಳನ್ನು ನಿಜವಾಗಿ ಕೊಡಿ. ನನ್ನನ್ನು ಕೇಳಿದರೆ ಮೊದಲನೆಯದು ಕಂಪನಿಗಳ ಪಟ್ಟಿ. ಎಲ್ಲಿಗೆ ಕಳಿಸಬಹುದು, ಎಲ್ಲಿಗೆ ಕಳಿಸಬಾರದು ಎಂದು ಅವರು ಹೇಳಲಿ. ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರು, ದೊಡ್ಡಬಳ್ಳಾಪುರ, ಎಷ್ಟೊಂದು ಕಡೆ ಕೆಲಸ ಇದೆ. ಒಂದೇ ಗೇಟಿನೊಳಗೆ ಕಂಪನಿಯ ಸ್ವಂತ ನೌಕರರೂ ಇರುತ್ತಾರೆ, ನಾಲ್ಕಾರು ಕಾಂಟ್ರಾಕ್ಟರ್‌ಗಳ ಜನರೂ ಇರುತ್ತಾರೆ. ಯಾವ ಕಾಂಟ್ರಾಕ್ಟರ್ ಸಂಬಳ ಸರಿಯಾಗಿ ಹಾಕುತ್ತಾನೆ ಎಂಬುದು ಹೊರಗಿನಿಂದ ಹೋದ ನಮಗೆ ಕಾಣುವುದಿಲ್ಲ. ಲೈನಿನಲ್ಲಿ ನಿಂತು ಕೆಲಸ ಮಾಡಿದವರಿಗೆ ಗೊತ್ತು. ಎರಡನೆಯದು ತರಬೇತಿಯ ವೇಳೆ ಮತ್ತು ತಿಂಗಳು. ಮೂರನೆಯದು ಮೊದಲ ವಾರ ಏನು ಕಲಿಸಬೇಕು ಎಂಬುದು.

ನಿಮ್ಮ ಕೈಯಲ್ಲೂ ಇಲ್ಲದ ವಿಷಯಗಳನ್ನು ಮೊದಲ ದಿನವೇ ಬಿಡಿಸಿ ಹೇಳಿ. ಸರ್ಕಾರದ ಕೌಶಲ ಯೋಜನೆಯ ಕೋರ್ಸ್ ಆದರೆ ಪಠ್ಯ, ಗಂಟೆ, ಪರೀಕ್ಷೆ ಎಲ್ಲಾ ಮೇಲಿನಿಂದ ನಿಗದಿಯಾಗಿ ಬರುತ್ತದೆ. ಅದನ್ನು ಬಳಗ ಬದಲಿಸಲು ಆಗದು. ಅದು ಗೊತ್ತಿದ್ದರೆ ಅವರು ಬೇಸರಪಡುವುದಿಲ್ಲ. ಬದಲಿಸಬಹುದು ಎಂದು ನಂಬಿಸಿ ಆಮೇಲೆ ಕೈ ಚೆಲ್ಲಿದರೆ ಮಾತ್ರ ಇನ್ನೊಂದು ಸಲ ಬರುವುದಿಲ್ಲ.

ಮೊದಲ ವಾರದ ಪಾಠದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮೊದಲ ಸಲ ಇಂಥ ಬಳಗವನ್ನು ಏನು ಕಲಿಸಬೇಕಿತ್ತು ಎಂದು ಕೇಳಿದಾಗ, ಇಂಗ್ಲಿಷ್ ಎನ್ನುತ್ತಾರೆ, ಕಂಪ್ಯೂಟರ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಪೇ ಸ್ಲಿಪ್. ನಾವು ಸಂಬಳ 15,000 ಎಂದು ಹೇಳಿ ಕಳಿಸಿದ್ದೆವು. ಬ್ಯಾಂಕಿಗೆ ಬಂದದ್ದು ಕಡಿಮೆ. ಮನೆಯಲ್ಲಿ ಜಗಳ. ಉಳಿದ ದುಡ್ಡು ಎಲ್ಲಿ ಹೋಯಿತು, ಸಂಸ್ಥೆಯವರು ಕಮಿಷನ್ ಹಿಡಿದರಾ ಎಂದು ಒಬ್ಬಳ ಗಂಡ ಕೇಳಿದನಂತೆ. ಆ ಮಾತು ಕೇಳಿ ನನಗೆ ತುಂಬಾ ನೋವಾಯಿತು. ಆದರೆ ತಪ್ಪು ನಮ್ಮದೇ. ನಾವು ಲೆಕ್ಕ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಇಷ್ಟೇ. ಒಟ್ಟು ಸಂಬಳ 15,000, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,500 ಎಂದಿಟ್ಟುಕೊಳ್ಳಿ. ಪಿಎಫ್ ಶೇ 12 ಅಂದರೆ 1,620. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಒಟ್ಟು ಸಂಬಳದ ಶೇ 0.75, ಅಂದರೆ 113 ರೂಪಾಯಿ. ಕೈಗೆ ಬರುವುದು 13,267. ಕ್ಯಾಂಟೀನು, ಬಸ್ಸು ಎಂದು ಏನಾದರೂ ಹಿಡಿದರೆ ಇನ್ನೂ ಕಡಿಮೆ. ಆದರೆ ಹಿಡಿದದ್ದೆಲ್ಲ ಹೋದ ದುಡ್ಡಲ್ಲ. ಪಿಎಫ್ ಅವಳ ಹೆಸರಿನಲ್ಲೇ ಇರುತ್ತದೆ, ಕಂಪನಿಯೂ ತನ್ನ ಪಾಲು ಹಾಕುತ್ತದೆ. ಇಎಸ್‌ಐಗೆ ಕಂಪನಿ ಶೇ 3.25 ಕಟ್ಟುತ್ತದೆ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರು ಅದರೊಳಗೆ ಬರುತ್ತಾರೆ, ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕಂಪನಿ ಬದಲಿಸಿದರೂ ಪಿಎಫ್‌ನ ಯುಎಎನ್, ಅಂದರೆ ಅವಳ ಖಾಯಂ ಗುರುತಿನ ನಂಬರ್, ಅದೇ ಇರಬೇಕು, ಪ್ರತಿ ಸಲ ಹೊಸದು ಮಾಡಿಸಿಕೊಳ್ಳಬಾರದು. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ದರೆ ದುಡ್ಡು ತೆಗೆಯುವಾಗ ತೊಂದರೆ. ಇವೆಲ್ಲ ಎರಡು ಗಂಟೆಯ ಪಾಠ. ಅದನ್ನು ನಮ್ಮ ಮೇಷ್ಟ್ರಿಗಿಂತ ಹಳೇ ಬ್ಯಾಚಿನ ಹುಡುಗಿ ತನ್ನ ಪೇ ಸ್ಲಿಪ್ಪನ್ನೇ ಬೋರ್ಡಿಗೆ ಅಂಟಿಸಿ ಚೆನ್ನಾಗಿ ಕಲಿಸಿದಳು. ಆ ಪಾಠಕ್ಕೆ ಅಪ್ಪ ಅಮ್ಮ, ಗಂಡ, ಅತ್ತೆ ಯಾರು ಬರಲು ಒಪ್ಪುತ್ತಾರೋ ಅವರನ್ನೂ ಕರೆಯಿರಿ.

ಕೋರ್ಸನ್ನೇ ಆರಿಸುವಾಗಲೂ ಹಳಬರ ಮಾತು ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ ಸುತ್ತಮುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಕಟ್ಟುವಾಗ ಕೈ ತುಂಬಾ ಜನ ಬೇಕು. ಪ್ಯಾನೆಲ್ ನಿಂತ ಮೇಲೆ ಉಳಿಯುವುದು ಬಹುಮಟ್ಟಿಗೆ ತೊಳೆಯುವುದು, ಹುಲ್ಲು ಕೀಳುವುದು, ಕಾವಲು, ಮತ್ತೆ ಬೆರಳೆಣಿಕೆಯ ಟೆಕ್ನಿಷಿಯನ್ ಕೆಲಸ. ಅಂಥ ಕಡೆ ಬ್ಯಾಚಿನ ಮೇಲೆ ಬ್ಯಾಚು ಸೋಲಾರ್ ಟೆಕ್ನಿಷಿಯನ್ ತರಬೇತಿ ಕೊಡುವ ಮುಂಚೆ, ಮೊದಲು ಕಲಿತ ನಾಲ್ಕು ಹುಡುಗರನ್ನು ಕರೆದು ಈಗ ಏನು ಮಾಡುತ್ತಿದ್ದೀರಪ್ಪ ಎಂದು ಕೇಳಿದರೆ ಸಾಕು. ನಿಮ್ಮಲ್ಲಿ ರೋಗಿಗಳ ಆರೈಕೆಯ ಕೋರ್ಸ್ ಇದೆ ಎಂದಿರಿ. ಅಲ್ಲಿ ಕಲಿತವರು ಆಸ್ಪತ್ರೆಗೆ ಹೋಗುತ್ತಿದ್ದಾರೋ, ಬೆಂಗಳೂರಿನ ಮನೆಗಳಲ್ಲಿ 24 ಗಂಟೆಯ ಕೆಲಸಕ್ಕೆ ಹೋಗುತ್ತಿದ್ದಾರೋ ನೋಡಿ. ಎರಡೂ ಬೇರೆ ಬೇರೆ ಕೆಲಸ. ಮನೆಯಲ್ಲಿ ಒಬ್ಬಳೇ ಇರುವವಳಿಗೆ ಬೇಕಾದ ಧೈರ್ಯ, ರಜೆ ಕೇಳುವ ಮಾತು, ರಾತ್ರಿ ಬಾಗಿಲಿಗೆ ಒಳಗಿನಿಂದ ಚಿಲಕ ಇರುವ ಕೋಣೆಯೇ ಬೇಕು ಎಂದು ಮೊದಲೇ ಹೇಳುವುದು, ಇವು ಯಾವ ಪಠ್ಯದಲ್ಲೂ ನನಗೆ ಕಂಡಿಲ್ಲ.

ಕಷ್ಟವಾಗುವುದು ಅವರು ನಿಮಗೆ ಬೇಡವಾದ ಮಾತು ಹೇಳಿದಾಗ. ಇದಕ್ಕೆ ಮೊದಲೇ ಸಿದ್ಧರಾಗಿ. ನಾನಿದ್ದ ಸಂಸ್ಥೆಯಿಂದ ಪ್ರತಿ ಬ್ಯಾಚಿನಲ್ಲಿ 20 ಜನರನ್ನು ತೆಗೆದುಕೊಳ್ಳುತ್ತಿದ್ದ ಒಂದು ಫ್ಯಾಕ್ಟರಿ ಇತ್ತು. ನಮ್ಮ ಲೆಕ್ಕ ಕೂಡಿಸುತ್ತಿದ್ದದ್ದೇ ಅದು. ಅಲ್ಲಿ ಸೂಪರ್‌ವೈಸರ್ ಬಾಯಿ ಕೆಟ್ಟದು, ಟಾಯ್ಲೆಟ್ಟಿಗೆ ಹೋಗಲೂ ಬಿಡುವುದಿಲ್ಲ ಎಂದು ಬಳಗದವರು ಹೇಳಿದರು. ಮಾತಾಡುತ್ತೇವೆ ಎಂದೆವು. ಎರಡು ತಿಂಗಳು ತಳ್ಳಿದೆವು. ಅಷ್ಟರಲ್ಲಿ ಇನ್ನೊಂದು ಬ್ಯಾಚ್ ಅಲ್ಲಿಗೇ ಹೋಯಿತು. ಮುಂದಿನ ಸಭೆಗೆ ಇಬ್ಬರು ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ಕರೆದರೆ ಫೋನ್ ಎತ್ತಲಿಲ್ಲ. ಆಮೇಲೆ ನಾವು ಆ ಫ್ಯಾಕ್ಟರಿಗೆ ಕಳಿಸುವುದನ್ನು ನಿಲ್ಲಿಸಿದೆವು. ಆದರೆ ಆ ಇಬ್ಬರ ನಂಬಿಕೆ ವಾಪಸ್ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಇಂಥ ಮಾತುಗಳ ನಡುವೆ ಲೈಂಗಿಕ ಕಿರುಕುಳದ ವಿಷಯ ಬಂದರೆ ಅದನ್ನು ಸಭೆಯ ಚರ್ಚೆಗೆ ಎಳೆಯಬೇಡಿ, ನಡಾವಳಿಯಲ್ಲಿ ಹೆಸರು ಬರೆಯಬೇಡಿ. ಅವಳ ಜೊತೆ ಒಬ್ಬರೇ ಕೂತು ಕೇಳಿ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಕಡೆಯವರಿಗೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಗಡುವು. ತರಬೇತಿಗೆ ಬಂದವರಿಗೂ ಆ ಕಾಯ್ದೆ ಅನ್ವಯಿಸುತ್ತದೆ, ಅಂದರೆ ನಿಮ್ಮ ಸೆಂಟರಿಗೂ. ದೂರು ಕೊಡಬೇಕೋ ಬೇಡವೋ ಎಂಬುದು ಅವಳ ತೀರ್ಮಾನ.

ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಮರೆಯಬೇಡಿ. ಸಭೆಯಾದ 15 ದಿನದೊಳಗೆ, ನೀವು ಹೇಳಿದ್ದು ಇವು, ಇಷ್ಟು ಮಾಡಿದೆವು, ಇದನ್ನು ಮಾಡಲಾಗಲಿಲ್ಲ, ಕಾರಣ ಇದು ಎಂದು ಒಂದು ಪುಟ ಬರೆದು ಸೆಂಟರಿನ ಗೋಡೆಗೆ ಹಾಕಿ. ಓದುವ ಅಭ್ಯಾಸ ಇಲ್ಲದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ. ಮಾಡಲಾಗದ್ದನ್ನು ಮುಚ್ಚಿಡಬೇಡಿ.

ಫೋಟೋ, ವಿಡಿಯೋ ವಿಷಯದಲ್ಲಿ ಹುಷಾರು. ಹಣ ಕೊಟ್ಟವರ ಮುಂದೆ ನಿಲ್ಲಿಸಿ ಕಷ್ಟದ ಕಥೆ ಹೇಳಿಸುವುದು, ಅವಳ ಕಣ್ಣೀರನ್ನು ವರದಿಗೆ ಅಂಟಿಸುವುದು ದಯವಿಟ್ಟು ಬೇಡ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ, ಒಪ್ಪಿಗೆ ಕೇಳಬೇಕು ಎಂಬುದು ಅದರ ತಿರುಳು. ಕಾಯ್ದೆ ಇರದಿದ್ದರೂ ಕೇಳಬೇಕಿತ್ತು. ಮದುವೆಯಾಗಿ ಬೇರೆ ಮನೆಗೆ ಹೋದವಳಿಗೆ ಹಳೇ ಫೋಟೋ ಒಂದರಿಂದ ಎಷ್ಟು ತೊಂದರೆ ಆಗಬಹುದು ಎಂದು ನಮಗೆ ಇಲ್ಲಿ ಕೂತು ಗೊತ್ತಾಗುವುದಿಲ್ಲ.

ಹಳೇ ಬ್ಯಾಚಿನವರನ್ನು ಸಿಬ್ಬಂದಿಯಾಗಿ ತೆಗೆದುಕೊಳ್ಳಬಹುದಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಖಂಡಿತ ತೆಗೆದುಕೊಳ್ಳಿ. ಹಳ್ಳಿಗೆ ಹೋಗಿ ಹೊಸಬರನ್ನು ಕರೆತರುವ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಆದರೆ ನಿಮ್ಮಿಂದ ಸಂಬಳ ಪಡೆಯಲು ಶುರು ಮಾಡಿದ ದಿನ ಅವಳು ಬಳಗದ ಜಾಗ ಬಿಟ್ಟುಕೊಡಬೇಕು. ಸಂಬಳ ಕೊಡುವವರ ಎದುರು ಮುಕ್ತವಾಗಿ ಮಾತಾಡುವುದು ಯಾರಿಗೂ ಕಷ್ಟ. ಬಳಗದಲ್ಲಿ ಯಾರೂ ಎರಡು ವರ್ಷಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ. ಫ್ಯಾಕ್ಟರಿಯ ಕೆಲಸ, ಬಸ್ಸಿನ ದಾರಿ ಬೇಗ ಬದಲಾಗುತ್ತವೆ, ಹೊಸದಾಗಿ ಹೋಗಿ ಬಂದವರ ಮಾತು ಬೇಕು.

ಮೊದಲ ಸಲಕ್ಕೆ 900 ಜನರನ್ನೂ ತಲುಪುವ ಯೋಚನೆ ಬೇಡ. ಕಳೆದ ವರ್ಷದ ಒಂದು ಬ್ಯಾಚ್ ತೆಗೆದುಕೊಳ್ಳಿ. ಅದರಲ್ಲಿ ಮೂರು ತಿಂಗಳೊಳಗೆ ಬಿಟ್ಟವರ ಹೆಸರು ಬರೆಯಿರಿ. ಮೊದಲ ಫೋನ್ ನೀವು ಮಾಡಬೇಡಿ, ಆ ಬ್ಯಾಚಿನವರೇ ಒಬ್ಬರು ಮಾಡಲಿ. ಮತ್ತೆ ಕೆಲಸಕ್ಕೆ ಸೇರಿಸಲು ಕರೆಯುತ್ತಿಲ್ಲ, ಬೈಯಲೂ ಅಲ್ಲ, ನಿನ್ನಿಂದ ಕಲಿಯಬೇಕಿದೆ, ಅದಕ್ಕೆ ದಿನದ ಕೂಲಿ ಇದೆ ಎಂದು ಸ್ಪಷ್ಟವಾಗಿ ಹೇಳಲಿ. ತಿಂಗಳ ಎರಡನೇ ಅಥವಾ ಮೂರನೇ ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ. ಆ ಹೊತ್ತಿಗೆ ಬಹುತೇಕ ಕಡೆ ಸಂಬಳ ಆಗಿರುತ್ತದೆ. ಈಗ ಬೇರೆ ಎಲ್ಲಾದರೂ ಕೆಲಸದಲ್ಲಿದ್ದರೆ ಆ ತಿಂಗಳ ಪೇ ಸ್ಲಿಪ್ ತರಲು ಹೇಳಿ. ಮಾತು ಅಲ್ಲಿಂದಲೇ ಶುರು ಮಾಡಬಹುದು.